ಮುಚ್ಚಳದ ಮೇಲಿನ ಕೈ

ನಮ್ಮ ಮಿಕ್ಸಿಗೆ ನಾಲ್ಕು ಜಾರುಗಳಿವೆ. ಅಂಗಡಿಯಿಂದ ಅದರ ಜೊತೆ ಬಂದದ್ದು ಮೂರೇ. ನಾಲ್ಕನೆಯದು ಸುಟ್ಟುಹೋದ ಹಳೆಯ ಮಿಕ್ಸಿಯದು. ಮೈಯೆಲ್ಲ ನೆಗ್ಗಿದ್ದರೂ ಹೊಸದರ ಮೇಲೆ ಸರಿಯಾಗಿ ಕೂರುತ್ತದೆ ಎಂಬ ಒಂದೇ ಕಾರಣಕ್ಕೆ ಗುಜರಿಗೆ ಹೋಗದೆ ಉಳಿದಿದೆ. ನಾಲ್ಕರ ಹಿಡಿಗೂ ರೇಷ್ಮೆ ದಾರ ಕಟ್ಟಿದೆ. ಹಸಿರು ದಾರದ ಚಿಕ್ಕದು ಚಟ್ನಿಗೆ, ನೀಲಿ ದಾರದ ದೊಡ್ಡದು ದೋಸೆ ಹಿಟ್ಟಿಗೆ, ಕೆಂಪು ದಾರದ ಆ ನೆಗ್ಗಿದ ಜಾರು ಬಾಯಿಗೆ ಹೋಗದ ಕೆಲಸಗಳಿಗೆ. ಮಗ್ಗದ ಮನೆಯಲ್ಲಿ ದಾರಕ್ಕೇನು ಬರವೇ? ಅವನ್ನು ಕಟ್ಟಿದವರು ನನ್ನ ಅತ್ತೆ. ನಡುವಿನ ಜಾರಿಗೆ ಮಾತ್ರ ಹಳದಿ ದಾರವನ್ನು ಈಚೆಗೆ ಕಟ್ಟಿದವಳು ನಾನು. ಆ ಹಳದಿ ದಾರದ ವಿಷಯವನ್ನೇ ಹೇಳಬೇಕೆಂದು ಕೂತಿದ್ದೇನೆ.

ನಾವಿರುವುದು ದೊಡ್ಡಬಳ್ಳಾಪುರದಲ್ಲಿ. ಮನೆಯ ಮುಂದಿನ ಭಾಗದಲ್ಲಿ ವಿದ್ಯುತ್ ಮಗ್ಗಗಳು, ಹಿಂದೆ ಅಡುಗೆಮನೆ, ನಡುವೆ ಒಂದು ಗೋಡೆ. ಆ ಗೋಡೆ ಹೆಸರಿಗಷ್ಟೇ. ಮಗ್ಗ ಓಡುವಾಗ ಒಲೆಯ ಮೇಲಿನ ಕುಕ್ಕರು ಕೂಗಿದ್ದು ನಮಗೆ ಕಾಣಿಸುತ್ತದೆಯೇ ಹೊರತು ಕೇಳಿಸುವುದಿಲ್ಲ. ಹಾಗಾಗಿ ಇಲ್ಲಿ ಎಲ್ಲರೂ ಕೈಯಲ್ಲಿ, ತುಟಿಯಲ್ಲಿ ಮಾತಾಡುತ್ತಾರೆ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಕಡಿದಿದೆ ಎಂದರ್ಥ. ಹೆಬ್ಬೆರಳನ್ನು ಬಾಯಿಯ ಹತ್ತಿರ ಎತ್ತಿದರೆ ಕಾಫಿ. ಐದೂ ಬೆರಳು ಕೂಡಿಸಿ ಬಾಯಿಯ ಕಡೆ ತಂದರೆ ಊಟಕ್ಕೆ ಬಾ ಎಂದು. ಈ ಕೊನೆಯ ಸನ್ನೆ ಅತ್ತೆಯದೇ. ಮಧ್ಯಾಹ್ನವಾದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮಗನಿಗೂ, ಕೂಲಿಗೆ ನೇಯುವ ಇಬ್ಬರಿಗೂ, ನನಗೂ ಒಬ್ಬೊಬ್ಬರಿಗೇ ಕೈಮಾಡಿ ಕರೆಯುತ್ತಿದ್ದರು. ಎಲ್ಲರೂ ಎದ್ದು ಬರುವ ತನಕ ಆ ಕೈ ಇಳಿಯುತ್ತಿರಲಿಲ್ಲ.

ನನ್ನ ತವರು ಬೂದಿಗೆರೆಯ ಹತ್ತಿರ. ಅಪ್ಪ ಮಗ್ಗ ಬಿಟ್ಟು ಎಷ್ಟೋ ಕಾಲವಾಗಿತ್ತು. ಕೋಳಿ ಕೆದರುವ ಸದ್ದೂ ಕೇಳಿಸುವಷ್ಟು ಮೌನದ ಮನೆ. ಅಲ್ಲಿ ನಾನು ಮಿಕ್ಸಿಯನ್ನು ಕಿವಿಯಿಂದ ಆಡಿಸಲು ಕಲಿತಿದ್ದೆ. ಮೋಟರು ಮೊದಲು ಗೊರಗುಟ್ಟುತ್ತದೆ, ಆಮೇಲೆ ಹಗುರಾಗುತ್ತದೆ, ಹಗುರಾದರೆ ನುಣ್ಣಗಾಯಿತು. ಮದುವೆಯಾಗಿ ಬಂದ ಹೊಸದರಲ್ಲಿ ಇಲ್ಲಿಯೂ ಹಾಗೇ ಕಿವಿಗೊಟ್ಟು ನಿಂತೆ. ಮಗ್ಗದ ಸದ್ದಿನಲ್ಲಿ ಏನು ಕೇಳಬೇಕು ಮಣ್ಣು! ನೆನೆಸಿದ ಅಕ್ಕಿ ಗಟ್ಟಿಯಾಗಿ ಸಿಕ್ಕಿಕೊಂಡು ಮೋಟರು ಒದ್ದಾಡುತ್ತಿದ್ದರೆ ನಾನು ಇನ್ನೂ ಆಗಿಲ್ಲವೇನೋ ಎಂದು ಕಾಯುತ್ತಿದ್ದೆ. ಹೊಗೆ ಕಣ್ಣಿಗೆ ಬಿದ್ದಾಗಲೇ ಗೊತ್ತಾದದ್ದು. ಆ ಮಿಕ್ಸಿ ಅಲ್ಲಿಗೆ ಮುಗಿಯಿತು. ಅತ್ತೆ ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತರೆ, ಅವರು ಬೈದದ್ದು ನಿಜ, ಆದರೆ ಹೊಸದು ಮನೆಗೆ ಬಂದ ದಿನ ನನ್ನ ಅಂಗೈ ಹಿಡಿದೆಳೆದು ಅದರ ಮುಚ್ಚಳದ ಮೇಲೆ ಒತ್ತಿದರು. ಕಿವಿಯ ಹತ್ತಿರ ಬಾಯಿ ತಂದು ಹೇಳಿದರು.

"ಈ ಮನೇಲಿ ಕಿವಿ ನಂಬ್ಕೊಂಡ್ರೆ ಕೆಟ್ಟೆ ಕಣಮ್ಮ. ಕೈಲಿ ಕೇಳು."

ಕೇಳಿದೆ. ಗಟ್ಟಿ ಪದಾರ್ಥ ಸಿಕ್ಕಿಕೊಂಡರೆ ಅಂಗೈಗೆ ನಡುಕ ಒರಟಾಗಿ ತಾಕುತ್ತದೆ. ನೀರು ಕಡಿಮೆಯಾದರೆ ಮುಚ್ಚಳ ಒಂದೇ ಕಡೆ ಅದುರುತ್ತದೆ. ನುಣ್ಣಗಾದರೆ ಕೈಕೆಳಗೆ ಸಣ್ಣ ಜುಮ್ಮೆನ್ನುವುದಷ್ಟೇ ಉಳಿಯುತ್ತದೆ. ಇದನ್ನು ಕಲಿತ ಮೇಲೆ ನಾನು ಒಂದು ಮೋಟರನ್ನೂ ಸುಟ್ಟಿಲ್ಲ.

ಅತ್ತೆ ಆ ಯಂತ್ರದಿಂದ ದುಡಿಸಿಕೊಂಡಷ್ಟು ಯಾರೂ ದುಡಿಸಿಕೊಂಡಿರಲಾರರು. ಉಪ್ಸಾರಿನ ಖಾರ, ಹುಚ್ಚೆಳ್ಳು ಪುಡಿ, ಕಜ್ಜಾಯದ ಅಕ್ಕಿ, ಇವೆಲ್ಲ ಯಾರೂ ಮಾಡುವಂಥವೇ. ಇವರು ಕೂಡಿಟ್ಟ ಹಾಲಿನ ಕೆನೆಗೆ ತಣ್ಣೀರು ಹಾಕಿ ಬಿಟ್ಟು ಬಿಟ್ಟು ತಿರುಗಿಸಿ ಬೆಣ್ಣೆ ತೆಗೆಯುತ್ತಿದ್ದರು. ಬ್ಲೇಡು ಮೊಂಡಾದರೆ ಒಂದು ಹಿಡಿ ಕಲ್ಲುಪ್ಪು ಹಾಕಿ ಆಡಿಸಿ, ಆ ಪುಡಿಯನ್ನು ಉಪ್ಪಿನ ಡಬ್ಬಿಗೆ ಸುರಿಯುತ್ತಿದ್ದರು. ಬೆಳ್ಳುಳ್ಳಿ ವಾಸನೆ ಹೋಗಲಿ ಎಂದು ನಿಂಬೆ ಸಿಪ್ಪೆ, ಜಾರು ತೊಳೆಯುವ ಬೇಸರಕ್ಕೆ ಎರಡು ಹನಿ ಸೋಪು ನೀರು ಹಾಕಿ ಒಂದು ಸುತ್ತು. ಕೆಂಪು ದಾರದ ಜಾರಿನಲ್ಲಂತೂ ಏನೇನು ರುಬ್ಬಿದ್ದಾರೆಂದು ಆ ದೇವರಿಗೇ ಗೊತ್ತು. ಸವೆದ ಸೋಪಿನ ಚೂರುಗಳನ್ನು ನೀರಿನೊಂದಿಗೆ ಅರೆದು ಬಟ್ಟೆ ನೆನೆಸುವ ಬಕೆಟ್ಟಿಗೆ ಹಾಕುತ್ತಿದ್ದರು. ಮದರಂಗಿ ಸೊಪ್ಪು, ಸೀಗೆಕಾಯಿ, ಗುಲಾಬಿ ಗಿಡದ ಹುಳಕ್ಕೆ ಬೇವಿನ ಸೊಪ್ಪು, ಅದೇ ಗಿಡದ ಬುಡಕ್ಕೆ ಬಾಳೆಹಣ್ಣಿನ ಸಿಪ್ಪೆ. "ಮನುಷ್ಯರನ್ನೊಂದು ಹಾಕಲ್ಲ ಅಷ್ಟೆ" ಎಂದು ನನ್ನ ಗಂಡ ರೇಗಿಸುತ್ತಿದ್ದರು. "ನಿನ್ನ ಹಾಕ್ತೀನಿ ತಾಳು" ಎನ್ನುತ್ತಿದ್ದರು ಅತ್ತೆ.

ಮೆಚ್ಚುಗೆ ಎಂಬುದು ಮಾತ್ರ ಅವರ ಬಾಯಲ್ಲಿ ಬರುತ್ತಿರಲಿಲ್ಲ. ನನ್ನ ಅಡುಗೆಯ ಉಪ್ಪಿನ ಮೇಲಂತೂ ಅವರಿಗೆ ಜನ್ಮದ ಹಗೆ. ಒಂದು ದಿನ ಕಡಿಮೆ, ಇನ್ನೊಂದು ದಿನ ಜಾಸ್ತಿ. ಸರಿಯಾಗಿದ್ದ ದಿನ ಸುಮ್ಮನೆ ಉಣ್ಣುತ್ತಿದ್ದರು, ಆ ಸುಮ್ಮನಿರುವಿಕೆಯನ್ನೇ ನಾನು ಹೊಗಳಿಕೆ ಎಂದು ಎಣಿಸಿಕೊಳ್ಳುತ್ತಿದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ ಕಾಫಿ ಲೋಟ ಅವರ ಬಲಗೈಯಿಂದ ಜಾರಿಬಿತ್ತು. ಬಗ್ಗಿ ಎತ್ತಲು ಹೋದವರು ಅಲ್ಲೇ ಕುಸಿದರು. ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದೆವು. ಸ್ಟ್ರೋಕು ಎಂದರು. ಜೀವ ಉಳಿಯಿತು. ಬಲಗೈಯಲ್ಲೂ ಬಲಗಾಲಿನಲ್ಲೂ ಶಕ್ತಿ ಉಳಿಯಲಿಲ್ಲ, ಮಾತು ತೊದಲಾಗಿ ನಮಗ್ಯಾರಿಗೂ ತಿಳಿಯದಂತಾಯಿತು, ನುಂಗುವುದು ಕಷ್ಟವಾಯಿತು. ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿ ಅದರಲ್ಲೇ ಗಂಜಿ ಕೊಟ್ಟರು. ಅದನ್ನು ಎರಡು ಸಲ ಎಡಗೈಯಲ್ಲಿ ಕಿತ್ತು ಬಿಸಾಕಿದರು ಅತ್ತೆ. ಊರಿಗೆ ಕಳಿಸುವ ಮೊದಲು ಡಾಕ್ಟರು ನಳಿಗೆ ತೆಗೆದು ನಮ್ಮನ್ನು ಪಕ್ಕಕ್ಕೆ ಕರೆದರು.

"ಬಾಯಲ್ಲೇ ಕೊಟ್ಟು ನೋಡಿ. ಮೆತ್ತಗಿನದು ಕೊಡಿ, ಅಗಿಯೋ ಅಂಥದ್ದು ಬೇಡ. ತೂಕ ಇಳೀತಾ ಹೋದ್ರೆ, ಇಲ್ಲಾ ಊಟ ಶ್ವಾಸಕ್ಕೆ ಹೋಗಿ ಎದೆ ಕಟ್ಟಿದ್ರೆ, ಹೊಟ್ಟೆಗೇ ತೂತು ಮಾಡಿ ನಳಿಗೆ ಇಡಬೇಕಾಗುತ್ತೆ."

ಹಾಸಿಗೆಯ ಮೇಲಿದ್ದ ಅತ್ತೆಗೆ ಅದು ಕೇಳಿಸಿತು. ಕೇಳಿಸದಿದ್ದರೂ ಅವರು ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ನನ್ನ ಕಡೆ ತಿರುಗಿ ಎಡಗೈಯ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರು. ಎಳೆ ಕಡಿಯಿತು ಎಂಬ ಸನ್ನೆ. ಹಾಗೆ ಬದುಕುವುದಕ್ಕಿಂತ ಹೋಗುವುದೇ ಮೇಲು ಎಂದು ಅವರು ಹೇಳುತ್ತಿದ್ದಾರೆಂದು ನನಗೆ ಅರ್ಥವಾಯಿತು.

ಮನೆಗೆ ಬಂದ ಮೊದಲ ಮಧ್ಯಾಹ್ನ ಮೆತ್ತಗಿನದು ಏನು ಮಾಡೋಣ ಎಂದು ಯಾರೂ ಯೋಚಿಸಲೇ ಇಲ್ಲ. ಅಗಿಯುವ ಕೆಲಸವಿಲ್ಲದ ಊಟ ಎಂದರೆ ನಮ್ಮ ಕಡೆ ಇನ್ನೇನು, ಮುದ್ದೆಯೇ. ರಾಗಿಮುದ್ದೆಯನ್ನು ಇಲ್ಲಿ ಅಗಿದವರುಂಟೇ? ಮುರಿದು, ಸಾರಲ್ಲಿ ಅದ್ದಿ, ಹಾಗೇ ಗುಳುಂ ಮಾಡುವುದು. ಅಗಿಯುವವರನ್ನು ಕಂಡರೆ ಮಕ್ಕಳೂ ನಗುತ್ತವೆ. ಅತ್ತೆಯೂ ಅದನ್ನೇ ಕೇಳಿದರು, ಎಡಗೈಯನ್ನು ಮುಷ್ಟಿ ಮಾಡಿ ತೋರಿಸಿದರು. ಡಾಕ್ಟರು ಹೇಳಿದ್ದಕ್ಕೂ ಅಮ್ಮ ಕೇಳಿದ್ದಕ್ಕೂ ಸರಿಹೋಯಿತಲ್ಲ ಎಂದು ನನ್ನ ಗಂಡನಿಗೆ ಖುಷಿಯೋ ಖುಷಿ. ನಾನು ಮುದ್ದೆ ಕಟ್ಟಿದೆ. ಅವರು ಸಣ್ಣ ತುತ್ತು ಮುರಿದು, ಬಸ್ಸಾರಿನಲ್ಲಿ ಅದ್ದಿ, ಅಮ್ಮನ ಬಾಯಿಗಿಟ್ಟರು.

ತುತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅತ್ತೆಯ ಕಣ್ಣು ಅಗಲವಾಯಿತು, ಮುಖ ಕಪ್ಪಿಟ್ಟಿತು. ನಾನು ಕಿರುಚಿದ್ದು ಮಗ್ಗದ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಗಂಡ ಅವರನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದರು. ಕೊನೆಗೂ ತುತ್ತು ಹೊರಬಿತ್ತು. ಯಾರೋ ಮಗ್ಗಗಳನ್ನೆಲ್ಲ ನಿಲ್ಲಿಸಿದ್ದರು. ಆ ನಿಶ್ಶಬ್ದದಲ್ಲಿ ಅತ್ತೆ ಏದುಸಿರು ಬಿಡುವುದು ಮಾತ್ರ ಕೇಳುತ್ತಿತ್ತು. ನೇಯುವ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು, ಒಬ್ಬನ ಕೈಯಲ್ಲಿ ಲಾಳಿ ಹಾಗೇ ಇತ್ತು.

ಮರುದಿನವೇ ಆಸ್ಪತ್ರೆಗೆ ಓಡಿದೆವು. ನುಂಗುವುದನ್ನು ಕಲಿಸಲೆಂದೇ ಅಲ್ಲೊಬ್ಬ ಹೆಣ್ಣುಮಗಳಿದ್ದಳು, ನನಗಿಂತ ಚಿಕ್ಕವಳು. ಮುದ್ದೆ ಕೊಟ್ಟೆವೆಂದು ಕೇಳಿ ಅವಳು ಗಾಬರಿಯಾದಳು. ಆದರೆ ಬೈಯಲಿಲ್ಲ.

"ನಮ್ಮೂರು ಹೊಸಕೋಟೆ ಹತ್ರ. ನಮ್ಮನೇಲಾಗಿದ್ರೂ ಇದನ್ನೇ ಕೊಟ್ಟಿರೋರು" ಎಂದಳು. "ಆದ್ರೆ ನೋಡಿ ಅಕ್ಕ, ಅವರಿಗೆ ಕಷ್ಟ ಇರೋದು ಅಗಿಯೋದಲ್ಲ, ನುಂಗೋದು. ಮುದ್ದೆ ಪೂರ್ತಿ ನುಂಗೋ ಕೆಲಸಾನೇ ಅಲ್ವಾ? ಹಂಗಂತ ನೀರ್ ನೀರಾಗಿ ಕೊಟ್ರೂ ಶ್ವಾಸಕ್ಕೆ ಹೋಗುತ್ತೆ. ಚಮಚ ಓರೆ ಮಾಡಿದ್ರೆ ಮೆಲ್ಲಗೆ ಜಾರಬೇಕು, ಹರೀಬಾರ್ದು. ಒಂದು ಗಂಟೂ ಇರಬಾರ್ದು. ಮಿಕ್ಸಿ ಇದೆ ತಾನೆ?"

"ಇದೆ" ಎಂದೆ. ನಮ್ಮ ಮಿಕ್ಸಿಯನ್ನು ನೆನೆದು ಅಷ್ಟು ಧೈರ್ಯ ಬಂದದ್ದು ಅದೇ ಮೊದಲು.

ಉಣಿಸುವಾಗ ನೆಟ್ಟಗೆ ಕೂರಿಸಬೇಕು, ಗದ್ದವನ್ನು ತುಸು ಎದೆಯ ಕಡೆ ಬಗ್ಗಿಸಬೇಕು, ಒಂದು ಚಮಚ ಇಳಿದ ಮೇಲೇ ಇನ್ನೊಂದು, ಸುತ್ತ ಗಲಾಟೆ ಇರಬಾರದು ಎಂದೂ ಹೇಳಿಕೊಟ್ಟಳು. ಕೊನೆಯದನ್ನು ಕೇಳಿ ನಾನೂ ಗಂಡನೂ ಮುಖ ಮುಖ ನೋಡಿಕೊಂಡೆವು.

ಮನೆಗೆ ಬಂದವಳೇ ನಡುವಿನ ಜಾರನ್ನು ಕುದಿಯುವ ನೀರಿನಲ್ಲಿ ತೊಳೆದು, ಹಿಡಿಗೆ ಹಳದಿ ದಾರ ಸುತ್ತಿ, ಅತ್ತೆ ಕಲಿಸಿದ ನೇಕಾರರ ಗಂಟು ಹಾಕಿದೆ. ಇನ್ನು ಇದು ಅವರದು, ಇದರಲ್ಲಿ ಮೆಣಸಿನಕಾಯಿಯ ಸುಳಿವೂ ಇರಕೂಡದು. ಮೊದಲ ದಿನ ಮುದ್ದೆಯನ್ನೇ ಹಾಕಿ ಗುಂಡಿ ತಿರುಗಿಸಿದೆ. ಅದು ಬ್ಲೇಡಿಗೆ ಅಂಟಿಕೊಂಡು ಅಂಗೈಗೆ ಒರಟು ನಡುಕ ಹೊಡೆಯಿತು. ತಕ್ಷಣ ನಿಲ್ಲಿಸಿದೆ. ಮೊದಲು ಖಾರವಿಲ್ಲದ ಸಾರು ಸುರಿದು, ಆಮೇಲೆ ಮುದ್ದೆಯನ್ನು ಚಿಟಿಕೆ ಚಿಟಿಕೆಯಾಗಿ ಹಾಕಬೇಕೆಂದು ಆಗ ತಿಳಿಯಿತು. ಬಿಸಿ ಸಾರು ಹಾಕಿ ಮುಚ್ಚಿದ ದಿನ ಮುಚ್ಚಳ ಹಾರಿ ಬಸ್ಸಾರು ಸೂರಿಗೆ ಬಡಿಯಿತು. ಆ ಕಲೆ ಇನ್ನೂ ಇದೆ. ಮೊದಲು ಆರಿಸಿ, ರುಬ್ಬಿ, ಮತ್ತೆ ಬೆಚ್ಚಗೆ ಮಾಡುವುದನ್ನು ಕಲಿತೆ. ಸೊಪ್ಪಿನ ನಾರು ಎಷ್ಟು ತಿರುಗಿಸಿದರೂ ಉಳಿಯುತ್ತದೆ, ಅದಕ್ಕೆ ಜರಡಿ ಹಿಡಿದೆ.

ಮಗ್ಗದ ಸದ್ದಿನ ಚಿಂತೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಮಗ್ಗ ನಿಂತರೆ ನೇಯುವವರ ಹೊಟ್ಟೆಗೂ ತಟ್ಟುತ್ತದೆ, ಹೇಗೆ ಕೇಳುವುದು? ಕೇಳಬೇಕಾಗಿ ಬರಲಿಲ್ಲ. ಎರಡನೆಯ ದಿನ ನಾನು ಹಳದಿ ದಾರದ ಜಾರು ಕೈಗೆತ್ತಿಕೊಂಡದ್ದು ಬಾಗಿಲಿನಿಂದ ಕಂಡದ್ದೇ, ಇಬ್ಬರೂ ತಾವಾಗಿ ಮಗ್ಗಗಳ ಸ್ವಿಚ್ಚು ಆರಿಸಿದರು. "ಅಮ್ಮಾರು ಉಣ್ಲಿ ಬುಡಕ್ಕ. ಇಷ್ಟ್ ವರ್ಷ ನಮ್ಗೆ ಇಕ್ಕವ್ರೆ" ಎಂದ ಹಿರಿಯವನು. ಅಂದಿನಿಂದ ಅವರ ಊಟ ಮುಗಿಯುವ ತನಕ ನಮ್ಮ ಮನೆಯಲ್ಲಿ ಒಂದು ಲಾಳಿಯೂ ಓಡಲಿಲ್ಲ. ಅವರಿಬ್ಬರಿಗೆ ನಾನು ಎಷ್ಟು ಋಣಿ ಎಂದು ಅವರ ಮುಂದೆ ಹೇಳಲು ಹೋದರೆ ಮುಜುಗರಪಟ್ಟು ಎದ್ದುಹೋಗುತ್ತಾರೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಆ ನಿಶ್ಶಬ್ದದಲ್ಲಿ ನಾನು ಈ ಮನೆಗೆ ಬಂದ ಮೇಲೆ ಮೊದಲ ಬಾರಿ ನಮ್ಮ ಮಿಕ್ಸಿಯ ದನಿ ಕೇಳಿದೆ. ಒಳ್ಳೆ ಗಂಟಲೇ ಇತ್ತು ಅದಕ್ಕೆ.

ಇಷ್ಟೆಲ್ಲ ಆದರೂ ಅತ್ತೆ ಉಣ್ಣಲಿಲ್ಲ.

ಹೆಚ್ಚು ಪುಷ್ಟಿ ಹೋಗಲೆಂದು ನಾನು ಮುದ್ದೆ, ಬೇಳೆ, ಸೊಪ್ಪು, ಬೀಟ್‌ರೂಟು ಎಲ್ಲವನ್ನೂ ಒಟ್ಟಿಗೆ ರುಬ್ಬುತ್ತಿದ್ದೆ. ನುಣ್ಣಗಿರುತ್ತಿತ್ತು, ಚಮಚದಿಂದ ಜಾರುತ್ತಿತ್ತು, ಎಲ್ಲ ಆ ಹುಡುಗಿ ಹೇಳಿದ ಹಾಗೇ. ಅತ್ತೆ ಎರಡು ಚಮಚ ತೆಗೆದುಕೊಂಡು ಬಾಯಿ ಬಿಗಿಯುತ್ತಿದ್ದರು. ಬೇಡಿದೆ, ಗದರಿದೆ, ಒಂದು ದಿನ ಅತ್ತೂಬಿಟ್ಟೆ. ಕೊರಳ ಮೂಳೆ ಎದ್ದು ಕಾಣತೊಡಗಿತು, ರವಿಕೆಗೆ ಪಿನ್ನು ಹಾಕಬೇಕಾಯಿತು. ಆಸ್ಪತ್ರೆಗೆ ತೋರಿಸಬೇಕಾದ ದಿನ ಹತ್ತಿರ ಬರುತ್ತಿತ್ತು. ನಳಿಗೆಯೇ ಗತಿ ಎಂದು ಗಂಡ ದುಡ್ಡು ಹೊಂದಿಸತೊಡಗಿದ್ದರು.

ಒಂದು ಮಧ್ಯಾಹ್ನ ಬಟ್ಟಲು ಮುಂದಿಟ್ಟಾಗ ಅತ್ತೆ ಅದನ್ನು ಎಡಗೈಯಿಂದ ದೂಡಿ, ಬಾಗಿಲಾಚೆ ಬೆರಳು ತೋರಿಸಿದರು. ಆಚೆ ನಿಂತ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿತ್ತು. ಹಸಿರು ಒಡಲು, ಕೆಂಪು ಅಂಚು, ನಡುವೆ ಹಳದಿ ಗೆರೆ. ಬೆರಳು ಸೀರೆಯಿಂದ ಬಟ್ಟಲಿಗೆ ಬಂತು. ಬಟ್ಟಲಲ್ಲಿದ್ದದ್ದು ಕೊಚ್ಚೆಯ ಬಣ್ಣದ್ದು. ಮತ್ತೆ ಸೀರೆ, ಮತ್ತೆ ಬಟ್ಟಲು. ಆಮೇಲೆ ಮೂಗು ಸಿಂಡರಿಸಿದರು.

ನನಗೆ ನಗುವೂ ಬಂತು, ಅಳುವೂ ಬಂತು. ಬಣ್ಣ ಬೆರೆತು ಕೆಟ್ಟ ಸೀರೆಯನ್ನು ಜೀವಮಾನವಿಡೀ ಪಕ್ಕಕ್ಕೆ ಎಸೆದ ಹೆಂಗಸಿಗೆ ನಾನು ದಿನಕ್ಕೆ ಎರಡು ಹೊತ್ತು ಅದನ್ನೇ ಉಣಿಸುತ್ತಿದ್ದೆ!

ಅಂದು ಸಂಜೆ ಎಲ್ಲವನ್ನೂ ಬೇರೆ ಬೇರೆ ರುಬ್ಬಿದೆ. ಪ್ರತಿಯೊಂದಕ್ಕೂ ಜಾರು ತೊಳೆಯಬೇಕಾಯಿತು, ಸೊಂಟ ಬಿದ್ದುಹೋಯಿತು, ಇರಲಿ. ಹೆಸರುಬೇಳೆ ಹಳದಿ, ದಂಟಿನ ಸೊಪ್ಪು ಹಸಿರು, ಬೀಟ್‌ರೂಟು ಕೆಂಪು, ಬಸ್ಸಾರಿನಲ್ಲಿ ಕರಗಿದ ಮುದ್ದೆ ಕಂದು ಬಣ್ಣ. ಸ್ಟೀಲ್ ತಟ್ಟೆಯಲ್ಲಿ ಪಕ್ಕಪಕ್ಕ ಗೆರೆಗೆರೆಯಾಗಿ ಇಟ್ಟೆ, ಒಂದು ಇನ್ನೊಂದನ್ನು ಮುಟ್ಟದ ಹಾಗೆ. ಅತ್ತೆ ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದರು, ಸೀರೆಯನ್ನು ಬೆಳಕಿಗೆ ಹಿಡಿದು ನೋಡುವಾಗಿನ ಮುಖ. ಆಮೇಲೆ ಬಾಯಿ ತೆರೆದರು. ಹಸಿರು ಬೇಕಾದಾಗ ಹಸಿರಿನ ಕಡೆ, ಮುದ್ದೆ ಬೇಕಾದಾಗ ಮುದ್ದೆಯ ಕಡೆ ಬೆರಳು ತೋರಿಸಿ ಉಂಡರು. ಕೆಮ್ಮಲಿಲ್ಲ. ಮಗ್ಗಗಳು ಸುಮ್ಮನಿದ್ದವು, ಗಂಡ ಗೋಡೆಗೆ ಒರಗಿ ನಿಂತು ಪ್ರತಿ ಚಮಚಕ್ಕೂ ತಾವೇ ಉಗುಳು ನುಂಗುತ್ತಿದ್ದರು. ತಟ್ಟೆ ಖಾಲಿಯಾದಾಗ ಅದನ್ನು ಎತ್ತಿ ಹಣೆಗೆ ಒತ್ತಿಕೊಂಡೆ.

ಆಮೇಲೆ ನನ್ನ ಮಿಕ್ಸಿಗೆ ಪುರುಸೊತ್ತೇ ಇಲ್ಲ. ಸಪೋಟ, ಮಾಗಿದ ಪಪ್ಪಾಯಿ, ಅವರೆಕಾಳಿನ ಕಾಲ ಬಂದಾಗ ಹಿತಕಿದ ಬೇಳೆ. ಇಡ್ಲಿಯನ್ನೂ ಸಾಂಬಾರನ್ನೂ ಬೇರೆ ಬೇರೆ. ಕೊನೆಗೆ ಯುಗಾದಿಯ ಹೋಳಿಗೆಯನ್ನೂ ಹಾಲು ಹಾಕಿ ರುಬ್ಬಿ ಕೊಟ್ಟೆ, ಅದನ್ನು ನೋಡಿ ನಮ್ಮ ಬೀದಿಯ ಹೆಂಗಸರು ಗಲ್ಲಕ್ಕೆ ಕೈಹಚ್ಚಿದರು. ನಾನು ರುಬ್ಬುವಾಗ ಅತ್ತೆಯನ್ನು ಕಟ್ಟೆಯ ಪಕ್ಕವೇ ಕೂರಿಸಿಕೊಳ್ಳುತ್ತಿದ್ದೆ. ಅವರ ಸತ್ತಂತಿದ್ದ ಬಲಗೈಯನ್ನು ಎತ್ತಿ ಮುಚ್ಚಳದ ಮೇಲಿಟ್ಟು, ಅದರ ಮೇಲೆ ನನ್ನ ಕೈ ಇಡುತ್ತಿದ್ದೆ. ಕೈಗೆ ಕೆಲಸ ಕೊಡುತ್ತಿರಿ ಎಂದು ಆಸ್ಪತ್ರೆಯ ಆ ಹುಡುಗಿ ಹೇಳಿದ್ದಳು, ನನಗೆ ಗೊತ್ತಿದ್ದ ಕೆಲಸ ಅದೊಂದೇ. ಬಹಳ ದಿನ ಆ ಕೈ ಏನನ್ನೂ ಹೇಳಲಿಲ್ಲ. ಒಂದು ದಿನ ನಾನು ಸಾಕೆಂದು ಗುಂಡಿ ತಿರುಗಿಸುವಷ್ಟರಲ್ಲಿ ನನ್ನ ಕೈಕೆಳಗೆ ಅವರ ಬೆರಳುಗಳು ಮೆಲ್ಲಗೆ ಒತ್ತಿದವು. ಇನ್ನೊಂದು ಸುತ್ತು ಬೇಕು ಎಂದು. ತೆರೆದು ನೋಡಿದರೆ ನಿಜಕ್ಕೂ ಒಂದೆರಡು ಬೇಳೆ ಉಳಿದಿದ್ದವು.

ತೋರಿಸುವ ದಿನ ಬಂದಾಗ ಆಸ್ಪತ್ರೆಯಲ್ಲಿ ತೂಕ ನೋಡಿ, ಎದೆಗೆ ಯಂತ್ರವಿಟ್ಟು ಕೇಳಿ, ಡಾಕ್ಟರು ನಳಿಗೆ ಬೇಡ ಎಂದರು. ಅತ್ತೆ ಅಲ್ಲೇ ಎಡಗೈಯ ಎರಡು ಬೆರಳ ತುದಿಗಳನ್ನು ಒಂದಕ್ಕೊಂದು ಹೊಸೆದು ನನಗೆ ತೋರಿಸಿದರು. ಕಡಿದ ಎಳೆಯನ್ನು ಕೂಡಿಸಿದಾಗ ನೇಕಾರರು ಮಾಡುವ ಸನ್ನೆ ಅದು. ಡಾಕ್ಟರಿಗೆ ಏನೂ ತಿಳಿಯಲಿಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಇದಾದ ಮೇಲೆ ಅತ್ತೆ ಗೋಡೆ ಹಿಡಿದು ನಡೆಯಲು ಕಲಿತರು. ಮಾತು ಇನ್ನೂ ತೊದಲೇ, ಆದರೆ ನಮ್ಮ ಮನೆಯಲ್ಲಿ ಅದರಿಂದ ಅಷ್ಟೇನೂ ತೊಂದರೆಯಿಲ್ಲ. ಮೊನ್ನೆ ನೇಯುವವನೊಬ್ಬ ಬಂದಿರಲಿಲ್ಲವೆಂದು ಅವನ ಮಗ್ಗದ ಮುಂದೆ ನಾನೇ ನಿಂತಿದ್ದೆ. ಹಸಿವಾಗಿತ್ತು, ಒಳಗೆ ಹೋಗಿ ಅಡುಗೆ ಬೇರೆ ಮುಗಿಸಬೇಕಲ್ಲ ಎಂದು ಬೇಸರವೂ ಇತ್ತು. ಎಳೆ ಕೂಡಿಸಿ ತಲೆಯೆತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಒಂದು ಭುಜ ಬಾಗಿಲಿಗೆ ಒರಗಿತ್ತು. ಎಡಗೈಯ ಐದೂ ಬೆರಳನ್ನು ಕೂಡಿಸಿ ಬಾಯಿಯ ಕಡೆ ತಂದು ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. ನಾನು ನೋಡುತ್ತಲೇ ನಿಂತೆ. ಕೈ ಇಳಿಯಲಿಲ್ಲ.

ಒಳಗೆ ಹೋದರೆ ಬೆಳಿಗ್ಗೆ ನಾನು ಕಟ್ಟಿಟ್ಟಿದ್ದ ಮುದ್ದೆ ನನ್ನ ತಟ್ಟೆಯಲ್ಲಿತ್ತು, ಪಕ್ಕದಲ್ಲಿ ಕಾಯಿ ಚಟ್ನಿ. ತುರಿದಿಟ್ಟಿದ್ದ ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ ಎಲ್ಲ ಒಂದು ಕೈಯಲ್ಲೇ ಹಾಕಿದ್ದರು, ಕಟ್ಟೆಯ ಮೇಲೆಲ್ಲ ಚೆಲ್ಲಿತ್ತು. ಹಸಿರು ದಾರದ ಜಾರಿನ ಮುಚ್ಚಳದ ಮೇಲೆ ಚಟ್ನಿ ಮೆತ್ತಿದ ಬೆರಳಿನ ಗುರುತುಗಳಿದ್ದವು. ಅತ್ತೆಯ ಬಲಗೈ ನೋಡಿದೆ. ಬೆರಳ ಸಂದಿನಲ್ಲಿ ಕಾಯಿಯ ಬಿಳಿ ಅಂಟಿತ್ತು.

ಹಳದಿ ದಾರದ ಜಾರಿನಲ್ಲಿ ಅವರ ಪಾಲನ್ನು ರುಬ್ಬಿಕೊಟ್ಟು, ಅವರ ಎದುರು ಕೂತೆ. ತುತ್ತು ಮುರಿದು ಚಟ್ನಿಗೆ ಅದ್ದಿ ಬಾಯಿಗಿಟ್ಟೆ. ಅತ್ತೆ ಚಮಚ ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು.

ಚಟ್ನಿಗೆ ಉಪ್ಪು ವಿಪರೀತವಾಗಿತ್ತು. ಸುಮ್ಮನೆ, ಒಂದಿಷ್ಟೂ ಬಿಡದೆ ಉಂಡೆ.